ಶುಕ್ರವಾರದ ಸಂತೋಷ

ಪ್ಲೆಸೆಂಟನ್, ಕ್ಯಾಲಿಫೋರ್ನಿಯಾ
೧೩ ನವೆಂಬರ್ ೨೦೨೪

ಚಿ. ಹರ್ಷ, ಚಿ. ಸೌ. ನಿವೇದಿತಾ ಹಾಗೂ ನನಗೆ ಅಕ್ಕನ ಸಮಾನರಾದ ಕೆಂಪಮ್ಮನವರಿಗೆ,

ನಿಮ್ಮ ಊಟದ ಮೇಜಿನ ಸುತ್ತ ಕೂಡಿದ ಈ ಪುಟ್ಟ ಸಭೆಗೆ ನನ್ನ ನಮಸ್ಕಾರಗಳು. ಸಭೆ ಎಂದದ್ದು ಹಾಸ್ಯಕ್ಕಲ್ಲ. ನಿವೇದಿತಾ, ಈ ಪತ್ರವನ್ನು ನೀನೊಬ್ಬಳೇ ಓದಿ ಎತ್ತಿಡಬೇಡ. ಗಟ್ಟಿಯಾಗಿ ಓದು, ನಿನ್ನ ಗಂಡನಿಗೂ ಅತ್ತೆಯವರಿಗೂ ಕೇಳಲಿ. ಪಕ್ಕದ ಕೋಣೆಯಲ್ಲಿ ಮಗಳು ನಿಸರ್ಗಾ ಇದ್ದರೆ ಬಾಗಿಲು ಹಾಕುವ ಅಗತ್ಯವಿಲ್ಲ. ಮುಚ್ಚಿದ ಬಾಗಿಲಿನ ಆಚೆಯಿಂದಲೂ ಅವಳಿಗೆ ಎಲ್ಲವೂ ಕೇಳುತ್ತದೆ, ಕೇಳಿದ್ದು ಅರ್ಥವೂ ಆಗುತ್ತದೆ.

ಮೊದಲಿಗೆ ಹಿರಿಯರಾದ ಕೆಂಪಮ್ಮನವರಿಗೆ ಕೃತಜ್ಞತೆ ಸಲ್ಲಿಸುತ್ತೇನೆ. ಈ ವಯಸ್ಸಿನಲ್ಲಿ ಮದ್ದೂರಿನ ಮಗ್ಗುಲಿನಿಂದ ಇಲ್ಲಿಯ ಡ್ಯಾನ್‌ವಿಲ್‌ವರೆಗೆ ಬಂದು, ಮೊಮ್ಮಗಳ ತಲೆ ಬಾಚುತ್ತ, ಮುದ್ದೆ ನುಂಗುವುದನ್ನು ಕಲಿಸುತ್ತ, ಆ ಮಗುವಿಗೆ ನಾಲಿಗೆ ಕೊಟ್ಟವರು ಅವರು. ಭಾನುವಾರದ ತರಗತಿಯಲ್ಲಿ ನಾನು ಆ ನಾಲಿಗೆಗೆ ಅಕ್ಷರಗಳನ್ನು ತೋರಿಸಿಕೊಟ್ಟೆ, ಅಷ್ಟೇ.

ಇನ್ನು ವಿಷಯಕ್ಕೆ ಬರುತ್ತೇನೆ. ಹರ್ಷ, ಭಾನುವಾರ ಬೆಳಿಗ್ಗೆ ನೀನು ಫೋನ್ ಮಾಡಿ, 'ಸಾರ್, ಇನ್ಮೇಲೆ ನಿಸರ್ಗಾ ಕ್ಲಾಸಿಗೆ ಬರಲ್ಲ, ಬೇಜಾರು ಮಾಡ್ಕೋಬೇಡಿ' ಎಂದೆ. ನಾನು ಬೇಜಾರು ಮಾಡಿಕೊಂಡಿದ್ದೇನೆ. ಅದನ್ನು ಬಚ್ಚಿಡುವ ವಯಸ್ಸು ನನ್ನದಲ್ಲ.

ಶನಿವಾರದ ರಾಜ್ಯೋತ್ಸವದಲ್ಲಿ ನಮ್ಮ ತರಗತಿಯ ಮಕ್ಕಳು 'ನನ್ನ ವಾರದ ಸಣ್ಣ ಸಂತೋಷಗಳು' ಎಂದು ಮಾತನಾಡಬೇಕೆಂದು ಗೊತ್ತುಮಾಡಿದವನು ನಾನು. ಕಾರಣವಿತ್ತು. ಈ ಊರಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ನಮ್ಮ ಮಾತೆಲ್ಲ ದೊಡ್ಡದರ ಬಗ್ಗೆಯೇ ಇರುತ್ತದೆ: ಗ್ರೀನ್ ಕಾರ್ಡು, ಮನೆಯ ಬೆಲೆ, ಯಾರ ಮಗ ಯಾವ ಕಾಲೇಜು, ಯಾರ ಕಂಪನಿಯಲ್ಲಿ ಲೇಆಫ್. ಆ ಮಾತುಗಳ ಕೆಳಗೆ ಮೇಜಿನ ಕಾಲುಗಳ ನಡುವೆ ಆಡಿಕೊಂಡಿರುವ ಮಕ್ಕಳು ತಮ್ಮ ಸಣ್ಣದನ್ನು ತಾವೇ ಗಮನಿಸಲೆಂದು ನನಗೆ ಆಸೆಯಿತ್ತು. ಒಂದೇ ಒಂದು ಷರತ್ತು ಹಾಕಿದ್ದೆ: ಮಾತು ಮಕ್ಕಳದೇ ಆಗಿರಬೇಕು, ತಂದೆತಾಯಿಗಳಾಗಲಿ ನಾನಾಗಲಿ ತಿದ್ದಬಾರದು.

ಷರತ್ತನ್ನು ಪಾಲಿಸಿದವಳು ನಿಸರ್ಗಾ ಒಬ್ಬಳೇ. ಉಳಿದವರೆಲ್ಲ ಅಪ್ಪ ಅಮ್ಮ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟ ಕನ್ನಡವನ್ನು ಬಾಯಿಪಾಠ ಮಾಡಿಕೊಂಡು ಬಂದು, 'ನನ್ನ ಪರಮ ಸಂತೋಷವೆಂದರೆ ಕನ್ನಡಾಂಬೆಯ ಸೇವೆ' ಎಂದು ಕೈ ಜೋಡಿಸಿ ಹೋದರು. ಕುಶಲ್ ಎಂಬ ಹುಡುಗನನ್ನು ವೇದಿಕೆಯ ಹಿಂದೆ ಹಿಡಿದು, 'ಪರಮ ಅಂದರೇನೋ ಮರಿ?' ಎಂದು ಕೇಳಿದೆ. 'ಇಟ್ಸ್ ಲೈಕ್, ಸಮ್‌ವನ್ಸ್ ನೇಮ್' ಎಂದ. ಅವನಿಗೆ ಮೊದಲ ಬಹುಮಾನ ಬಂತು. ಚಪ್ಪಾಳೆ ತಟ್ಟಿದವರಲ್ಲಿ ನೀವಿಬ್ಬರೂ ಇದ್ದಿರಿ.

ನಿಸರ್ಗಾ ಏನು ಹೇಳಿದಳೆಂದು ನಿಮಗೆ ನೆನಪಿದೆಯೇ? ಶುಕ್ರವಾರವನ್ನು ಬಿಟ್ಟು ಉಳಿದದ್ದನ್ನು ನೀವು ಕೇಳಿಸಿಕೊಂಡಿರೆಂದು ನನಗೆ ಅನ್ನಿಸುವುದಿಲ್ಲ. ಆದ್ದರಿಂದ ಬರೆಯುತ್ತೇನೆ.

ಸೋಮವಾರ, ಶಾಲೆಯ ಮುಂದೆ ರಸ್ತೆ ದಾಟಿಸುವ ತಾತ ಮೊದಲ ಸಲ ಅವಳ ಹೆಸರನ್ನು ಸರಿಯಾಗಿ ಕರೆದನಂತೆ. ಎಷ್ಟೋ ದಿನದಿಂದ ಅಭ್ಯಾಸ ಮಾಡುತ್ತಿದ್ದನಂತೆ ಪಾಪ. ಮಂಗಳವಾರ, ಅಜ್ಜಿ ಒಗ್ಗರಣೆ ಹಾಕಿದ ಹೊಗೆಗೆ ಮನೆಯ ಅಲಾರಂ ಕೂಗಿಕೊಂಡಿತು; ಅಜ್ಜಿ ಸೆರಗಿನಿಂದ, ಅವಳು ಟವೆಲಿನಿಂದ ಗಾಳಿ ಬೀಸಿ ಬೀಸಿ ಕೊನೆಗೆ ಇಬ್ಬರೂ ನೆಲದ ಮೇಲೆ ಕುಳಿತು ನಕ್ಕರು. ಬುಧವಾರ, ಬೇಸಿಗೆಯಿಡೀ ಸಿಂಹದ ಬಣ್ಣಕ್ಕಿದ್ದ ಗುಡ್ಡದ ಮೇಲೆ ಹಸಿರು ಕಾಣಿಸಿತು, 'ಸ್ವಲ್ಪ, ಅಪ್ಪನ ಗಡ್ಡದ ಥರ'. ಗುರುವಾರ, ಅಪ್ಪ ಫ್ರೀವೇ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿ ಬಂದರೂ ಆಫೀಸಿನವರ ಮರದ ಪರ್ಸಿಮನ್ ಹಣ್ಣು ತಂದರು. ಅಮ್ಮ ಅದನ್ನು ಹೆಚ್ಚಿ ನಡುವೆ ನಕ್ಷತ್ರದ ಗುರುತಿರುವ ಚೂರನ್ನು ಅವಳಿಗೆ ಕೊಟ್ಟಳು.

ನಿವೇದಿತಾ, ಆ ನಕ್ಷತ್ರದ ಚೂರಿನ ಮಾತು ಬಂದಾಗ ನೀನು ಫೋನ್ ನೋಡುತ್ತಿದ್ದೆ. ನಾನು ನಿನ್ನ ಹಿಂದಿನ ಸಾಲಿನಲ್ಲಿಯೇ ಇದ್ದೆ.

ಆಮೇಲೆ ಅವಳು ಹೇಳಿದಳು: 'ಶುಕ್ರವಾರ ನಮ್ಮ ಮನೇಲಿ ಅಪ್ಪ ಅಮ್ಮ ಕನ್ನಡ ಮಾತಾಡಲೇ ಇಲ್ಲ. ನನಗೆ ತುಂಬಾ ತುಂಬಾ ಖುಷಿ ಆಯಿತು.'

ಸಭಾಂಗಣ ನಕ್ಕಿತು. ನಿರೂಪಣೆ ಮಾಡುತ್ತಿದ್ದ ಮಧ್ವೇಶ ಮೈಕ್ ಕಿತ್ತುಕೊಂಡು, 'ನೋಡ್ರಪ್ಪಾ, ರಾಜ್ಯೋತ್ಸವದ ದಿನಾನೇ ಕನ್ನಡಕ್ಕೆ ಸೆಂಡ್‌ಆಫ್ ಪಾರ್ಟಿ!' ಎಂದ. ಇನ್ನಷ್ಟು ನಗು. ಮುಂದಿನ ಮಗುವನ್ನು ಕರೆದರು. ನಿಸರ್ಗಾ ಬಾಯಿ ತೆರೆದುಕೊಂಡೇ ಮೆಟ್ಟಿಲಿಳಿದಳು.

ಕಾರ್ಯಕ್ರಮ ಮುಗಿದ ಮೇಲೆ ಪಾರ್ಕಿಂಗ್ ಜಾಗದಲ್ಲಿ, ನಿಮ್ಮ ಕಾರಿನ ಪಕ್ಕದಲ್ಲಿ, ನೀವಿಬ್ಬರೂ ಒಬ್ಬರನ್ನೊಬ್ಬರು ಹಳಿಯತೊಡಗಿದಿರಿ. ಯಾವ ಭಾಷೆಯಲ್ಲಿ ಎಂದು ಹೇಳಬೇಕಾಗಿಲ್ಲ. ಮಗು ಬಂದು ನನ್ನ ಕಾರಿನಲ್ಲಿ ಕುಳಿತಿತು. ಕನ್ನಡವೆಂದರೆ ಏಕೆ ಬೇಸರವೆಂದು ಕೇಳಿದೆ. 'ಬೇಸರ ಇಲ್ಲ ಸಂಗಜ್ಜ' ಎಂದಳು. ಕಾರಿನ ಕಿಟಕಿಯಿಂದ ನಿಮ್ಮ ಕಡೆಗೆ ಬೆರಳು ತೋರಿಸಿ, ಗಡಿಯಾರ ನೋಡಿ ಸಮಯ ಹೇಳುವವರ ಹಾಗೆ ಹೇಳಿದಳು: 'ನಮ್ಮ ಮನೇಲಿ ಇಂಗ್ಲಿಷ್ ನನಗೆ. ಕನ್ನಡ ಫೈಟ್‌ಗೆ. ನನಗೆ ಗೊತ್ತಾಗಲ್ಲ ಅಂದ್ಕೊಂಡಿದಾರೆ.'

ಶುಕ್ರವಾರ ನೀವು ಜಗಳವಾಡಲಿಲ್ಲ. ಅವಳು ವೇದಿಕೆಯ ಮೇಲೆ ಹೇಳಿದ್ದು ಇಷ್ಟೇ.

'ಶನಿವಾರದ ಸಂತೋಷ ಯಾವುದು?' ಎಂದು ಕೇಳಿದೆ. 'ಶನಿವಾರ ಇವತ್ತಲ್ವಾ. ಇನ್ನೂ ನೋಡ್ಬೇಕು' ಎಂದಳು.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ನಿಸರ್ಗಾ ತರಗತಿ ಮುಗಿದ ಮೇಲೂ ನಿಂತು, 'ಹಂಗು ಅಂದ್ರೆ ಏನು?' ಎಂದು ಕೇಳಿದ್ದಳು. ಹತ್ತು ವರ್ಷದ ಮಗು, ಈ ಕ್ಯಾಲಿಫೋರ್ನಿಯಾದಲ್ಲಿ, ಅಂಥ ಪದವನ್ನು ಕೇಳಿತಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ಉದಾಹರಣೆ ಕೊಟ್ಟು ವಿವರಿಸಿದೆ. ಮುಂದಿನ ವಾರ 'ಪೀಡೆ' ಎಂದರೇನೆಂದು ಕೇಳಿದಳು, ಅದರ ಮುಂದಿನ ವಾರ 'ತೊಲಗು'. ಎಂಥ ಜಿಜ್ಞಾಸೆಯ ಮಗು ಎಂದು ನಾನು ಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಈಗ ತಿಳಿಯಿತು, ಅವಳು ಆ ಪದಗಳನ್ನು ಯಾವ ಪುಸ್ತಕದಿಂದಲೂ ತಂದಿರಲಿಲ್ಲ. ನಿಮ್ಮ ಕೋಣೆಯ ಗೋಡೆಯ ಆಚೆಯಿಂದ ಹೆಕ್ಕಿ, ಅರ್ಥ ಗೊತ್ತಾಗದೆ ಉಳಿದವನ್ನು ವಾರಕ್ಕೊಂದರಂತೆ ನನ್ನಲ್ಲಿಗೆ ತರುತ್ತಿದ್ದಳು. ನನ್ನ ತರಗತಿಯ ಅತ್ಯುತ್ತಮ ವಿದ್ಯಾರ್ಥಿನಿ ಕನ್ನಡ ಕಲಿತದ್ದು ತಂದೆತಾಯಿಗಳ ಜಗಳವನ್ನು ಪೂರ್ತಿ ತಿಳಿದುಕೊಳ್ಳುವುದಕ್ಕೆ. ಈ ಕಹಿಯನ್ನು ನಾಲ್ಕು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದೇನೆ, ನುಂಗಲೂ ಆಗುತ್ತಿಲ್ಲ.

ನಿಮ್ಮ ಜಗಳದ ನ್ಯಾಯ ಹೇಳಲು ನಾನು ಬರೆಯುತ್ತಿಲ್ಲ. ಊರಿಗೆ ಹಿಂದಿರುಗಬೇಕೆಂದು ಹರ್ಷ, ಇಲ್ಲಿಯೇ ನಿಲ್ಲಬೇಕೆಂದು ನಿವೇದಿತಾ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ನಿವೇದಿತಾಳಿಗೆ ಕೆಲಸ ಕಲಿಸುವ ಹೊಣೆ ನನ್ನ ಮೇಲಿದ್ದ ಕಾಲದಿಂದ ನಿಮ್ಮಿಬ್ಬರನ್ನೂ ಬಲ್ಲೆ. ಕ್ಯಾಂಟೀನಿನಲ್ಲಿ ಹರ್ಷ, 'ಸಾರ್, ಇವಳ ಹುಬ್ಬಳ್ಳಿ ಕನ್ನಡಕ್ಕೆ ಸಬ್‌ಟೈಟಲ್ ಹಾಕ್ಸಿ' ಎನ್ನುತ್ತಿದ್ದ. ನಿವೇದಿತಾ, ನೀನು, 'ನಿಮ್ಮ ಮಂಡ್ಯದಾಗ ಬಾ ಅಂತ ಕರದ್ರೂ ಬೈದಂಗ ಕೇಳಸ್ತದ' ಎಂದು ತಿರುಗಿ ಕೊಡುತ್ತಿದ್ದೆ. ಆ ಎರಡು ಕನ್ನಡಗಳು ಒಂದನ್ನೊಂದು ಕೀಟಲೆ ಮಾಡುತ್ತಲೇ ಹತ್ತಿರವಾದದ್ದನ್ನು ಕಣ್ಣಾರೆ ಕಂಡು, ನಿಮ್ಮ ಮದುವೆಯಲ್ಲಿ ಹಿರಿಯನಾಗಿ ನಿಂತವನು ನಾನು. ಶನಿವಾರ ಪಾರ್ಕಿಂಗ್ ಜಾಗದಲ್ಲಿ ಕೇಳಿದ್ದೂ ಅವೇ ಮಾತುಗಳು. ಸಬ್‌ಟೈಟಲ್ ಎಂಬ ಮಾತೂ ಇತ್ತು. ಯಾರೂ ನಗುತ್ತಿರಲಿಲ್ಲ.

ಮೊನ್ನೆ ಸೋಮವಾರ ಸಂಜೆ ನಿಮ್ಮ ಮನೆಗೆ ಬಂದದ್ದು ಇದನ್ನೆಲ್ಲ ಮುಖತಃ ಹೇಳಲೆಂದೇ. ನೀವು ಹೇಳಗೊಡಲಿಲ್ಲ. ಹರ್ಷ, ನಿನಗೆ ನಿನ್ನ ಆಫೀಸಿನ ಮ್ಯಾನೇಜರ್ ಕುಟುಂಬ ಮುಂದಿನ ಸಾಲಿನಲ್ಲಿ ಕುಳಿತಿದ್ದದ್ದೇ ದೊಡ್ಡದಾಯಿತು. ಅಜಯ್ ಎಂಬ ಗೆಳೆಯ, 'ಏನ್ ಗುರೂ, ಮನೇಲಿ ಸ್ಪ್ಯಾನಿಷ್ ಶುರು ಮಾಡು, ಮಗು ಖುಷಿಯಾಗಿರುತ್ತೆ' ಎಂದು ಚುಚ್ಚಿದ್ದನ್ನೇ ಮತ್ತೆ ಮತ್ತೆ ಹೇಳಿದೆ. ನಿವೇದಿತಾ, ನೀನು, 'ಕಾಕಾ, ನೀವರ ಮೊದ್ಲ ಒಮ್ಮೆ ಓದಿ ನೋಡಬೇಕಿತ್ತು. ಅಷ್ಟು ಮಂದಿ ಮುಂದ ನಮ್ಮ ಮಾನ ಕಳದ್ಲು. ಅಕಿಗೆ ಕನ್ನಡಾ ಕೇಳಿದ್ರ ತ್ರಾಸ ಆಗತದಂದ್ರ ಆತು, ಇನ್ನ ಮನ್ಯಾಗ ಕನ್ನಡಾನ ಬ್ಯಾಡ' ಎಂದೆ. ಈ ಒಂದು ವಿಷಯದಲ್ಲಿ ಮಾತ್ರ ನಿಮ್ಮಿಬ್ಬರಲ್ಲಿ ಒಮ್ಮತವಿತ್ತು. ಅದನ್ನು ಕಂಡು ಸಂತೋಷಪಡಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಚಹಾದ ಲೋಟ ಇಡಲು ಅಡುಗೆಮನೆಗೆ ಹೋದಾಗ ಕೆಂಪಮ್ಮನವರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಾತನ್ನು ಅವರ ಎದುರಿನಲ್ಲಿಯೇ ಓದುತ್ತಿರುವುದರಿಂದ ಹೆಚ್ಚು ಕಡಿಮೆ ಇದ್ದರೆ ಅವರೇ ತಿದ್ದಲಿ: 'ಮೇಷ್ಟ್ರೇ, ಮಗಿನ್ ಕುಟ್ಟೆ ಕನ್ನಡ ಆಡ್ಬ್ಯಾಡ ಅಂತ ನಂಗೂ ಯೋಳವ್ರೆ. ನಂಗೇನ್ ಇಂಗ್ಲಿಸ್ ಬತ್ತದಾ? ಅದು ಇಸ್ಕೂಲಿಂದ ಬತ್ತದೆ, ನನ್ ಮಕ ನೋಡ್ತದೆ. ನಾನು ಮೂಗೀ ಥರ ಕೈಸನ್ನೆ ಮಾಡಿ ಉಣ್ಣಾಕ್ ಇಕ್ತೀನಿ. ಈ ಸಂಪತ್ಗೆ ನಾನ್ ಇಲ್ಲೀಗಂಟ ಬರ್ಬೇಕಾಗಿತ್ತಾ?'

ಇದು ನ್ಯಾಯವೇ? ರೋಗ ಇರುವುದು ಜಗಳದಲ್ಲಿ. ಮದ್ದೆಂದು ನೀವು ಕಿತ್ತೆಸೆದದ್ದು ಅಜ್ಜಿಯ ನಾಲಿಗೆಯನ್ನು. ಮಂಗಳವಾರದ ಒಗ್ಗರಣೆಯ ನಗುವೂ ಕನ್ನಡದ್ದೇ ಆಗಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೀಗೆಯೇ ಬಿಟ್ಟರೆ ನಿಸರ್ಗಾ ದೊಡ್ಡವಳಾಗಿ, ಎಲ್ಲಿಯೋ ಅಂಗಡಿಯಲ್ಲಿ ಯಾರೋ ಇಬ್ಬರು ಕನ್ನಡದಲ್ಲಿ ಮಾತನಾಡುವುದು ಕಿವಿಗೆ ಬಿದ್ದರೆ ಮೈ ಬಿಗಿಹಿಡಿದು ಪಕ್ಕಕ್ಕೆ ಸರಿಯುತ್ತಾಳೆ. ಅವರು ಅಕ್ಕಿಯ ಬ್ರ್ಯಾಂಡಿನ ಬಗ್ಗೆ ಮಾತನಾಡುತ್ತಿದ್ದರೂ ಅವಳಿಗೆ ಜಗಳದ ಸದ್ದೇ ಕೇಳಿಸುತ್ತದೆ. ನಾನು ಹೆದರುವುದು ಇದಕ್ಕೆ. ಕನ್ನಡ ಉಳಿಯುತ್ತದೆಯೋ ಅಳಿಯುತ್ತದೆಯೋ ಎಂಬ ವೇದಿಕೆಯ ಪ್ರಶ್ನೆಯನ್ನು ನಾನು ಕೈಬಿಟ್ಟು ಬಹುಕಾಲವಾಯಿತು. ಈ ಒಂದು ಮಗುವಿಗೆ ತನ್ನ ತಾಯಿಯ ಮಾತು ಭಯವಾಗಿ ಉಳಿಯಬಾರದು.

ಜಗಳವನ್ನು ನಿಲ್ಲಿಸಿ ಎಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ನಿಮ್ಮಿಬ್ಬರ ಮೇಲೆ ನನಗಿರುವ ಭರವಸೆ ಹಳೆಯದು. ಇಷ್ಟು ಬೇಗ ಸವೆಯದು. ಈ ಭಾನುವಾರ ನಿಸರ್ಗಾಳನ್ನು ತರಗತಿಗೆ ಕರೆತನ್ನಿ. ಕೆಂಪಮ್ಮನವರ ಮೇಲೆ ಹಾಕಿರುವ ನಿಷೇಧವನ್ನು ಈ ಪತ್ರ ಓದುತ್ತಿರುವ ಜಾಗದಲ್ಲಿಯೇ ತೆಗೆದುಹಾಕಿ. ನೀವಿಬ್ಬರೂ ಆ ಮಗುವಿಗೆ ದಿನಕ್ಕೊಂದು ಮಾತನ್ನು ಕನ್ನಡದಲ್ಲಿ ಹೇಳಿ. ಅದು ಉಪದೇಶವಾಗಿರಬಾರದು, ಪಾಠವಾಗಿರಬಾರದು, ಅವಳ ಅಪ್ಪನ ಅಥವಾ ಅಮ್ಮನ ಮೇಲಿನ ದೂರಾಗಿರಬಾರದು. 'ನಿನ್ನ ಸಾಕ್ಸ್ ಎಷ್ಟು ಚೆನ್ನಾಗಿದೆ' ಎಂದರೂ ಸಾಕು. ಕನ್ನಡದಲ್ಲಿ ಅಂಥ ಮಾತನ್ನೂ ಆಡಬಹುದೆಂದು ಅವಳಿಗೆ ತಿಳಿಯಲಿ. ಮೊದಮೊದಲು ಅವಳು ಅನುಮಾನದಿಂದ ನೋಡುತ್ತಾಳೆ, ಜಗಳ ಎಲ್ಲಿಂದ ಬಂತೆಂದು ಹುಡುಕುತ್ತಾಳೆ. ನೋಡಲಿ. ನೀವು ನಿಲ್ಲಿಸಬೇಡಿ.

ನಾಳೆ, ಮುಂದಿನ ವಾರ, ರಜೆ ಬಂದ ಮೇಲೆ ಎನ್ನಬೇಡಿ. ಇದನ್ನು ಓದಿ ಮಡಿಸಿದ ಕೂಡಲೇ ಮಗಳನ್ನು ಹೆಸರು ಹಿಡಿದು ಕರೆಯಿರಿ, ಪಕ್ಕದಲ್ಲಿ ಕೂರಿಸಿಕೊಳ್ಳಿ, ಮೊದಲ ಮಾತನ್ನು ಆಡಿರಿ. ಏಳಿ, ಆರಂಭಿಸಿರಿ.

ಇತಿ ನಿಮ್ಮ ಶ್ರೇಯಸ್ಸನ್ನೇ ಬಯಸುವ,
ಸಂಗನಬಸಪ್ಪ

ತಾ.ಕ.: ಇದನ್ನು ಬರೆಯಬಾರದೆಂದೇ ಲೇಖನಿಯನ್ನು ಕೆಳಗಿಟ್ಟಿದ್ದೆ. ನಿನ್ನೆ ಸಂಜೆ ನಿಸರ್ಗಾ ಅಜ್ಜಿಯ ಫೋನಿನಿಂದ ನನಗೆ ಕರೆ ಮಾಡಿದ್ದಳು. ನಿಮಗೆ ತಿಳಿಸಬಹುದೇ ಎಂದು ಕೇಳಿದಾಗ, 'ತಿಳಿಸಿ' ಎಂದಳು. ಪಿಸುದನಿಯಲ್ಲಿ, ಆದರೆ ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿಯೇ ಮಾತನಾಡಿದಳು. ಅವಳು ಹೇಳಿದ್ದು ಹೀಗೆ: 'ಸಂಗಜ್ಜ, ಈಗ ಅವರು ಇಂಗ್ಲಿಷಲ್ಲೇ ಫೈಟ್ ಮಾಡ್ತಾರೆ. ಮೊದಲು ಕೆಲವು ಮಾತು ಗೊತ್ತಾಗ್ತಿರಲಿಲ್ಲ. ಈಗ ಎಲ್ಲಾ ಗೊತ್ತಾಗುತ್ತೆ.'