ಎಣ್ಣೆ ಕುಡಿದ ಗಡಿಗೆಗಳು

ಇಚಲಕರಂಜಿ
೨೮ ಮೇ ೧೯೬೬

ಸೌಭಾಗ್ಯವತಿ ಗುರುಸಿದ್ದವ್ವಳಿಗೆ ಕಾಡಸಿದ್ದನ ಶರಣು.

ಗಂಡನಾದವನು ಹೆಂಡತಿಗೆ ಶರಣು ಬರೆಯಬಾರದೆಂದು ಮಾವನವರು ಅನ್ನಬಹುದು. ಬರೆದಾಗಿದೆ, ಹೊಡೆದುಹಾಕುವುದಿಲ್ಲ.

ಇಲ್ಲಿ ನಾನು, ಸೋದರತ್ತೆ ಕಲ್ಲವ್ವ ಮತ್ತು ನಿನ್ನ ಹಿತ್ತಲು, ಮೂವರೂ ಜೀವಂತ. ನೀನು ಗಡಹಿಂಗ್ಲಜಕ್ಕೆ, ತವರಿಗೆ ಹೋಗಿ ನಾಲ್ಕು ತಿಂಗಳಾದವು. ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಮೂರು ಸಲ ಬರೆದೆ, ಮೂರನ್ನೂ ಹರಿದೆ. ಓದಿ ನೋಡಿದರೆ ಬರೀ ಚೇಷ್ಟೆ. ಸಾಲಿ ಹುಡುಗರಿಗೆ ಮೊಗಲರ ಇತಿಹಾಸ ಹೇಳುವ ಮಾಸ್ತರನಿಗೆ ತನ್ನ ಮನೆಯ ಇತಿಹಾಸ ಬರೆಯಲಾಗಲಿಲ್ಲ.

ಬಾವಿಯಲ್ಲಿ ಈಗ ಕೊಡ ಮುಳುಗುವುದಿಲ್ಲ, ತಳದಲ್ಲಿ ಕೂಡುತ್ತದೆ. ನಳ ದಿನ ಬಿಟ್ಟು ದಿನ ಒಂದು ತಾಸು. ಅಣ್ಣಾಸಾಹೇಬಣ್ಣ ಯುಗಾದಿಗೇ ಟೇಪು ಹಿಡಿದು ಹಿತ್ತಲಿಗೆ ಬಂದ. ಎರಡು ಮಗ್ಗ ಕೂಡಿಸಲು ಜಾಗ ಬೇಕಂತೆ.

“ಹೆಂಗೂ ಒಣಗೂದ ಐತಿ. ನೆಟ್ಟಾಕಿನ ಇಲ್ಲಂದಮ್ಯಾಲ ಗಿಡಾ ಯಾರ ಸಲುವಾಗೋ?” ಅಂದ.

“ಆಕಿ ಇಲ್ಲಂತ ಗಿಡಕ್ಕಿನ್ನೂ ಗೊತ್ತಿಲ್ಲಣ್ಣಾ. ನೀ ಹೇಳಬ್ಯಾಡ,” ಅಂದೆ.

ಜೂನಿನ ಮೃಗದ ಮಳೆಯ ತನಕ ಒಂದು ಗಿಡ ಹಸಿರಾಗಿ ನಿಂತರೂ ಹಿತ್ತಲು ನಿನ್ನದು, ಎಲ್ಲ ಒಣಗಿದರೆ ಮಗ್ಗ ಅವನದು. ಹೀಗೆಂದು ಕರಾರಾಯಿತು. ಅಣ್ಣ ನಕ್ಕು ಹೋದ. ಆ ನಗೆಯೇ ನನ್ನನ್ನು ತೋಟಗಾರನನ್ನಾಗಿ ಮಾಡಿತು.

ಮೊದಲು ಗುಲಾಬಿ ಕಿತ್ತೆ. ಬೈಯಬೇಡ. ಹೂವಿನ ರಾಣಿ ಅನ್ನುತ್ತಾರೆ, ಕುಡಿಯುವುದು ಮಾತ್ರ ಪಟ್ಟದಾನೆಯಷ್ಟು. ಬಿದ್ರಿ ಕಡೆಯಿಂದ ಒಂದು ಗಾಡಿ ಕಬ್ಬಿನ ರವದಿ, ಒಣಗಿದ ಸೋಗೆ, ತರಿಸಿ ಗಿಡಗಳ ಬುಡಕ್ಕೆ ಗೇಣುದ್ದ ಹೊದಿಸಿದೆ. ಬಿಸಿಲಿಗೆ ನೆಲ ಕಾಣದು, ನೆಲಕ್ಕೆ ಬಿಸಿಲು ಕಾಣದು. ಬಚ್ಚಲಿನಿಂದ ಕಾಲುವೆ ತೋಡಿದರೆ ಕಲ್ಲವ್ವತ್ತೆ ಅಡ್ಡ ನಿಂತಳು: “ನಿನ್ನ ಮೈ ತೊಳದ ನೀರ ಕುಡದ ಹೂವು ಲಿಂಗದ ಮ್ಯಾಲೆ ಏರಸಲೇನೋ, ಶಾಣ್ಯಾ?” ನ್ಯಾಯವಾದ ಮಾತು. ಹಾಗಾಗಿ ನುಗ್ಗೆ, ಬದನೆ, ಲಿಂಬಿಗಳಿಗೆ ನನ್ನ ಜಳಕದ ನೀರು. ನಿನ್ನ ದುಂಡುಮಲ್ಲಿಗೆಗೆ ಮತ್ತು ಅದರ ಸುತ್ತಿನ ಗಿಡಗಳಿಗೆ ಗಡಿಗೆಯ ನೀರು.

ಗಡಿಗೆಯದೇ ದೊಡ್ಡ ಪುರಾಣ. ಕುಂಬಾರ ಯಲಗೂರಪ್ಪನಿಂದ ಹನ್ನೆರಡು ಗಡಿಗೆ ತಂದೆ. ಗಿಡದ ಪಕ್ಕ ಕುತ್ತಿಗೆಯ ಮಟ್ಟ ಹೂತು ನೀರು ತುಂಬಿದರೆ, ಗಡಿಗೆ ಬೆವರಿ ಬೇರಿಗೆ ಹನಿಹನಿ ಕುಡಿಸುತ್ತದೆ ಎಂದು ಎಲ್ಲೋ ಓದಿದ್ದೆ. ಬೇಲಿಯಾಚೆಯಿಂದ ಹೌಸಾಬಾಯಿ, “ಕಾಯ್ ಮಾಸ್ತರ್, ಮಡಕೀ ಪೇರಲೀ ಕಾ?” ಅಂದಳು. ಹೌದು ಬಾಯಿ, ಗಡಿಗೆಯನ್ನೇ ಬಿತ್ತಿದ್ದೇನೆ, ಸುಗ್ಗಿಗೆ ದೊಡ್ಡ ದೊಡ್ಡ ರಂಜಣಿಗೆಗಳು ಬೆಳೆಯುತ್ತವೆ ಅಂದೆ.

ಹತ್ತು ದಿನವಾಯಿತು. ಗಡಿಗೆಗಳು ತುಂಬಿದ್ದವು ತುಂಬಿದಂತೆಯೇ, ಮಲ್ಲಿಗೆ ಮಾತ್ರ ತಲೆ ಚೆಲ್ಲಿತು. ಸಿಟ್ಟಿನಿಂದ ಯಲಗೂರಪ್ಪನ ಮನೆಗೆ ಜಗಳಕ್ಕೆ ಹೋದೆ.

“ಗಡಿಗಿ ತಂದ ಮ್ಯಾಲೆ ಏನ ಮಾಡಿದ್ರಿ, ಮಾಸ್ತರ್ರ?”

“ಎಲ್ಲಾರೂ ಮಾಡೂದ. ಔಡಲೆಣ್ಣಿ ತಿಕ್ಕಿ, ಗಂಜಿ ಕುದಿಸಿ ಪಳಗಿಸಿದ್ವಿ. ಪಳಗಿಸದ ಯಾರರ ನೀರ ತುಂಬತಾರೇನು?”

ಅವನು ಹಣೆ ಬಡಿದುಕೊಂಡ. “ಬೆವರ್ಲಿ ಅಂತ ಹುಗದೀರಿ, ಬೆವರಬಾರದಂತ ಎಣ್ಣಿ ಕುಡಿಸೀರಿ! ಒಳಗ ಕೆರಿಯಷ್ಟ ನೀರಿದ್ರೂ ಬಾಜೂಕಿನ ಬೇರಿಗೆ ಹೆಂಗ ಮುಟ್ಟಬೇಕ್ರೀ? ನೀರ ಹೊರಗ ಬಿಡೂದು ಗಡಿಗಿ ತಪ್ಪಲ್ರೀ, ಅದರ ಗುಣ.”

ಬಿ.ಎ. ಪದವಿ ತಲೆ ತಗ್ಗಿಸಿತು. ಹನ್ನೆರಡನ್ನೂ ಅಗೆದು ತೆಗೆದು ಅವನ ಆವಿಗೆಗೆ ಹೊತ್ತುಹಾಕಿದೆ. ಮತ್ತೊಮ್ಮೆ ಸುಟ್ಟು ಎಣ್ಣೆ ಕಳೆದ. ಎರಡು ಬಿರಿದವು, ಹತ್ತು ಉಳಿದವು. ತಿರುಗಿ ಹೂತ ಮೂರನೆಯ ದಿನ ಮಣ್ಣು ಮುಟ್ಟಿದರೆ ತಂಪು. ಒಂದು ವಾರಕ್ಕೆ ಮಲ್ಲಿಗೆ ಚಿಗುರಿತು.

ಮೊನ್ನೆ ಅಣ್ಣ ಗವಂಡಿಯನ್ನು ಕರೆದುಕೊಂಡು ಷೆಡ್ಡಿನ ಪಾಯ ಹಾಕಿಸಲು ಬಂದ. ಬದನೆ ಕಾಯಿ ಬಿಟ್ಟಿದೆ, ನುಗ್ಗೆ ಅವನ ಟೋಪಿಗೆ ತಾಗಿತು. ಮೃಗಕ್ಕೆ ಇನ್ನೂ ಹತ್ತು ದಿನ. ಮಳೆ ಬರಲಿ, ಬಿಡಲಿ. ಅಣ್ಣ ನಾಲ್ಕು ಬದನೆಕಾಯಿ ಹರಿದುಕೊಂಡು ಹೋದ. ಸೋತವನು ಪಲ್ಯ ಮಾಡಿಸಿಕೊಳ್ಳುವುದು ನಮ್ಮ ಮನೆತನದ ಪದ್ಧತಿ ಇರಬೇಕು.

ಕಲ್ಲವ್ವತ್ತೆಯ ಸಂಗತಿಯನ್ನೂ ನಾನೇ ಹೇಳುವುದು ಮೇಲು, ಯಾರಾದರೂ ಹೇಳಿಯೇ ಹೇಳುತ್ತಾರೆ. “ಆಕಿ ಬರೂದಿಲ್ಲಪಾ. ಶಿರೋಳದಾಗ ಒಂದ ಹುಡಿಗಿ ಐತಿ,” ಅಂದಳು.

“ಶಿರೋಳದಾಕಿನ್ನ ತಂದ್ರ ನನ್ನ ಶಿರಾ ಎರಡ ಹೋಳು, ಅತ್ತಿ,” ಅಂದೆ. ನಗಲಿಲ್ಲ. ಆಗ ನಗೆ ಬಿಟ್ಟು ಹೇಳಿದೆ: “ಗುಲಾಬಿ ಕಿತ್ತೇನಿ. ಮಲ್ಲಿಗಿ ಕೀಳೂದಿಲ್ಲ. ಇನ್ನೊಮ್ಮೆ ಈ ಮಾತ ಎತ್ತಿದ್ರ ನಾ ಈ ಮನ್ಯಾಗ ಉಣ್ಣೂದಿಲ್ಲ.” ಅವತ್ತಿನಿಂದ ಮುಂಜಾನೆ ಗಡಿಗೆಗೆ ನೀರು ತುಂಬುವವಳು ಆಕೆಯೇ.

ಮಾವನವರಿಗೂ ಅತ್ತೆಯವರಿಗೂ ಶರಣು. ಬಸವಣ್ಣ ನಿನ್ನನ್ನು ತಂಪಾಗಿ ಇಟ್ಟಿರಲಿ. ಉರಿಯುವ ಪಾಳಿ ಏನಿದ್ದರೂ ನನಗಿರಲಿ.

ನಿನ್ನ
ಕಾಡಸಿದ್ದ

ತಾ.ಕ.: ಕೂಸನ್ನು ಮಣ್ಣಿಗೆ ಒಯ್ಯುವಾಗ ಅಂಗಳದಲ್ಲಿ ನಾನು, “ನಮ್ಮ ಮನಿಗೆ ಬಂದ ಪಾವ್ಣ್ಯಾರು ಚಾನೂ ಕುಡೀಲಾರದ ಹೊಂಟ್ರು,” ಅಂದೆ. ನಿಂತವರು ನಕ್ಕರು. ಒಳಗಿದ್ದ ನಿನಗೆ ಅದು ಕೇಳಿಸಿತೆಂದು ಆಮೇಲೆ ತಿಳಿಯಿತು. ಅವತ್ತಿನಿಂದ ನೀನು ನನ್ನೊಡನೆ ಮಾತಾಡಿಲ್ಲ. ಒಳಗೆ ನೀರಿರಲಿಲ್ಲವೆಂದಲ್ಲ, ಗುರುಸಿದ್ದಿ. ನಾನೂ ಎಣ್ಣೆ ಕುಡಿದ ಗಡಿಗೆ. ಯಲಗೂರಪ್ಪನ ಆವಿಗೆಯ ಮುಂದೆ ಕೂತು ಅತ್ತುಬಿಟ್ಟೆ. ಅವನು ಹೊಗೆ ಅಂದುಕೊಂಡ. ಹನ್ನೊಂದು ದಿನದ ಕೂಸು, ಹೆಸರಿಡುವುದು ನಾಳೆಗೆ ಅನ್ನುವಾಗ ಹೋಯಿತು. ತೊಟ್ಟಿಲಿಗೆ ಹಾಕುವ ತನಕ ಹೇಳಬಾರದೆಂದು ನೀನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಆ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಬಂದು ಹೇಳು.