ವಾರ್ಡಿನಲ್ಲಿ ನಗಿಸುತ್ತಿದ್ದವರು

ಸಿಸ್ಟರ್‌ಗೆ ನಮಸ್ಕಾರ.

ಕಿಟಕಿ ಪಕ್ಕದ ಮಂಚದಲ್ಲಿರುವವರ ಮಗಳು ನಾನು. ಭಾನುವಾರ ಅಮ್ಮ, ನಾನು ಅಪ್ಪನನ್ನು ನೋಡಲು ಬಂದವರು ಬಾಗಿಲಿನಿಂದಲೇ ವಾಪಸಾದೆವು. ಬೇಸರ ಮಾಡಿಕೊಳ್ಳಬೇಡಿ.

ಅಪ್ಪನ ಹಾಗೆಯೇ ಕುಡಿತ ಬಿಡಲು ಹೊಸದಾಗಿ ಸೇರಿದವರೊಬ್ಬರಿಗೆ ಕೈ ನಡುಗಿ ಲೋಟ ನಿಲ್ಲುತ್ತಿರಲಿಲ್ಲ. ನೀವು ಅವರ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಿರಿ. ಅಪ್ಪ ಲೋಟ ಹಿಡಿದು ನೀರು ಕುಡಿಸುತ್ತಿದ್ದರು.

“ನಿಧಾನವಾಗಿ ಕುಡೀರಿ. ಮೊದಲನೇ ವಾರ ನಾನು ಕುಡಿದಿದ್ದಕ್ಕಿಂತ ಅಂಗಿಗೆ ಕುಡಿಸಿದ್ದೇ ಜಾಸ್ತಿ” ಎಂದರು. ಹೊಸಬರು ನಕ್ಕರು, ನೀವೂ ನಕ್ಕಿರಿ.

ಅಮ್ಮ ಸರಕ್ಕನೆ ತಿರುಗಿ ನಡೆದಳು. ಬಸ್ಸಿನಲ್ಲಿ ಯಾಕೆಂದು ಕೇಳಿದೆ.

“ಅಲ್ಲಿ ನೀರು ಕುಡಿಸ್ತಿದ್ದೋರು ಯಾರೋ ಏನೋ ಅನ್ನಿಸ್ತು ಕಣೇ. ಏನಂತ ಮಾತಾಡಿಸ್ಲಿ?” ಎಂದಳು.

ಅಂದಿನಿಂದ ನನಗೂ ಅದೇ ಕುತೂಹಲ. ಮನೆಯಲ್ಲಿ ನಾವು ಕೇಳಿದ್ದು ಅಪ್ಪನ ಬೈಗುಳ, ಇಲ್ಲವೇ ಗೊರಕೆ. ಬೆಳಿಗ್ಗೆ ಎದ್ದಕೂಡಲೇ ನಿಮ್ಮ ಹತ್ತಿರ ಏನು ಮಾತಾಡುತ್ತಾರೆ? ಯಾವ ಮಾತಿಗೆ ನಗುತ್ತಾರೆ? ಮನೆಗೆ ಬಂದಮೇಲೆ ಕೊಡಬೇಕಾದ ಮಾತ್ರೆಗಳನ್ನು ಡಾಕ್ಟರು ಬರೆದುಕೊಟ್ಟಿದ್ದಾರೆ, ಆದರೆ ಈ ಮಾತು, ನಗುವಿನ ವಿಷಯ ನೀವೇ ಹೇಳಬೇಕು.

ಶುಕ್ರವಾರ ಅಮ್ಮ ಒಬ್ಬಳೇ ಬರುತ್ತಾಳಂತೆ. ಯಾವ ಬಟ್ಟೆ ಹಾಕಿಕೊಳ್ಳಲಿ ಎಂದು ಆಗಲೇ ಎರಡು ಸಲ ಕೇಳಿದ್ದಾಳೆ. ದಯವಿಟ್ಟು ನೀವೇ ಪಕ್ಕದಲ್ಲಿ ನಿಂತು ಇಬ್ಬರಿಗೂ ಪರಿಚಯ ಮಾಡಿಸಿಕೊಡಿ.

ಇಂತಿ,
ನಿಮ್ಮ ಪೇಷಂಟಿನ ಮಗಳು