ನಕ್ಷೆಯಲ್ಲಿ ಇಲ್ಲದ ಮರಗಳು

ಜೂನ್ ೧೪, ಭಾನುವಾರ

ನನ್ನ ಕೋತಿಗೆ,

ಕೂದಲು ನೆರೆತ ಮೇಲೂ ಕೋತಿ ಅಂತೀಯಲ್ಲ ಗೀಟಕ್ಕಾ ಎಂದು ನೀನು ಮೂಗು ಮುರಿಯುತ್ತೀ, ಗೊತ್ತು. ಮರ ಕಂಡರೆ ಹತ್ತುತ್ತಿದ್ದವಳು ನೀನು, ಕಾಗದ ಕಂಡರೆ ಗೀಟು ಎಳೆಯುತ್ತಿದ್ದವಳು ನಾನು. ಅಪ್ಪ ಇಟ್ಟ ಹೆಸರುಗಳು ಇಬ್ಬರಿಗೂ ಅಂಟಿಕೊಂಡವು. ಇವತ್ತೊಂದು ದಿನ ಹಾಗೆ ಕರೆಯಲು ಬಿಡು. ಇದನ್ನು ಓದಿ ಮುಗಿಸಿದ ಮೇಲೆ ನೀನು ನನ್ನನ್ನು ಅಕ್ಕ ಎಂದು ಕರೆಯುತ್ತೀಯೋ ಇಲ್ಲವೋ ತಿಳಿಯದು.

ಕಳೆದ ಭಾನುವಾರ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೀನು ಕೇಳಿದ್ದಕ್ಕೆ ಇದು ಉತ್ತರ. ಅಕ್ಕಾ, ನಕ್ಷೆ ಬರೆಯೋದು ನಿನ್ನ ಕೆಲಸ ಅಲ್ವಾ, ನಮ್ಮ ಪಾರ್ಕಿಂದೊಂದು ಬರೆದುಕೊಡು, ಎಲ್ಲೆಲ್ಲಿ ಮರ ಇತ್ತು ಅಂತ ಹದಿನೇಳನೇ ತಾರೀಕು ಬುಧವಾರ ನಗರಸಭೇಲಿ ತೋರಿಸ್ಬೇಕು ಅಂದೆ. ನಾನು ಪಾತ್ರೆ ತೊಳೆಯುತ್ತಲೇ ಹೂಂ, ನೋಡೋಣ, ಆಫೀಸಲ್ಲಿ ಕೆಲಸ ಜಾಸ್ತಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದೆ. ಅದು ಪಾರ್ಕೇ ಅಲ್ಲ, ಖಾಲಿ ಜಾಗ ಅಂತ ಬರೆದ ಪುಣ್ಯಾತ್ಮ ಯಾರು ಅಂತ ಒಂದ್ಸಲ ಗೊತ್ತಾಗ್ಲಿ, ಅವನ ಮುಖ ನೋಡ್ಬೇಕು ನಂಗೆ ಅಂದೆ ನೀನು. ನನ್ನ ಕೈಯಿಂದ ತಟ್ಟೆ ಜಾರಿತು. ಸೋಪಿನ ಕೈ ಎಂದು ನೀನೇ ಬಗ್ಗಿ ಎತ್ತಿಕೊಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿತ್ತು ನನ್ನ ಸ್ಥಿತಿ.

ಆ ಪುಣ್ಯಾತ್ಮ ಗಂಡಸಲ್ಲ ಕಣೇ. ನಿನ್ನ ಅಕ್ಕ.

ನೀರಿನ ಟ್ಯಾಂಕಿನ ಪಕ್ಕದ ಆ ಜಾಗದಲ್ಲಿ ಪೈಪುಗಳ ಗೋದಾಮು ಮತ್ತು ಗಾಡಿ ನಿಲ್ದಾಣ ಕಟ್ಟುವ ಕೆಲಸ ನಮ್ಮ ಆಫೀಸಿಗೇ ಬಂದಿತ್ತು. ನಕ್ಷೆ ನನ್ನ ಮೇಜಿಗೆ ಬಂತು. ಅಳತೆಯವನು ತನ್ನ ಕೆಲಸ ಸರಿಯಾಗಿಯೇ ಮಾಡಿದ್ದ, ಪ್ರತಿ ಮರಕ್ಕೂ ಒಂದೊಂದು ಸುತ್ತು ಹಾಕಿದ್ದ. ನಮ್ಮಲ್ಲಿ ಗೋಡೆಗೊಂದು ಲೇಯರ್, ರಸ್ತೆಗೊಂದು, ಪೈಪಿಗೊಂದು, ಮರಗಳಿಗೊಂದು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಬೇಡವಾದದ್ದನ್ನು ಕಂಪ್ಯೂಟರಿನಲ್ಲಿ ದೀಪ ಆರಿಸಿದ ಹಾಗೆ ಆರಿಸಿದರೆ ಕಾಣುವುದಿಲ್ಲ, ಅಷ್ಟೆ. ಮರಗಳ ಲೇಯರ್ ಇದ್ದರೆ ಹಾಳೆಯೆಲ್ಲ ಗಿಜಿಗಿಜಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಹೇಬರು ನನ್ನ ಹಾಳೆಯನ್ನು ಎತ್ತಿ ಹಿಡಿದು, ಏನಮ್ಮಾ ಇದು, ನಕ್ಷೆನೋ ಕಾಡೋ ಎಂದು ಎಲ್ಲರೆದುರು ಕೇಳಿದ್ದರು. ಅಂದಿನಿಂದ ಪ್ರಿಂಟ್ ಕೊಡುವ ಮುಂಚೆ ಮರಗಳನ್ನು ಆರಿಸುವುದು ಕೈಗೆ ರೂಢಿಯಾಗಿಬಿಟ್ಟಿತು. ಆಫೀಸಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ನನ್ನ ನಕ್ಷೆ ಬಲು ಚೊಕ್ಕ ಎಂದು ಹೆಸರು ಬೇರೆ.

ಹೇಗೂ ಜಾಗಕ್ಕೆ ಹೋದವರ ಕಣ್ಣಿಗೆ ಮರ ಕಾಣುತ್ತದಲ್ಲ ಎಂಬುದು ನಮ್ಮ ಧೈರ್ಯ. ಈ ಸಲ ಅನುಮತಿ ಕೊಟ್ಟವರು ಜಾಗಕ್ಕೆ ಹೋಗಲೇ ಇಲ್ಲ. ಕಡಿಯಲು ಬಂದ ಗುತ್ತಿಗೆದಾರ ನಕ್ಷೆ ಬಿಡಿಸಿ, ಇದ್ರಲ್ಲಿ ಮರಾನೇ ಇಲ್ಲ, ಇಲ್ಲದ್ದನ್ನ ಕಡಿಯೋಕೆ ಯಾರ ಪರ್ಮಿಷನ್ ಬೇಕು ಎಂದು ನಿಮ್ಮನ್ನೆಲ್ಲ ಕೇಳಿದನಂತಲ್ಲ. ಅವನು ತೋರಿಸಿದ ಹಾಳೆಯ ಮೂಲೆಯಲ್ಲಿ ಪುಟ್ಟದಾಗಿ ನನ್ನ ಸಹಿ ಇತ್ತು. ನೀನು ಅಷ್ಟು ಹತ್ತಿರದಿಂದ ನೋಡಲಿಲ್ಲ.

ಅದು ನಿನ್ನ ಪಾರ್ಕು ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಮೇಜಿಗೆ ಬರುವುದು ಬರೀ ನಂಬರುಗಳು. ಮರ ಬಿದ್ದ ದಿನ ನೀನು ಅಳುತ್ತಾ ಫೋನ್ ಮಾಡಿದಾಗಲೇ ತಿಳಿಯಿತು.

ತಿಳಿದ ಮೇಲೂ ಬಾಯಿ ಬಿಡಲಿಲ್ಲವಲ್ಲ, ಅದಕ್ಕೆ ಏನು ಹೇಳಲಿ? ಆ ಮರಗಳು ನಿನಗೆ ಏನಾಗಿದ್ದವು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ದಿನವಿಡೀ ಜನರ ಸಂಕಟ ಕೇಳಿ ಕೇಳಿ ನೀನು ಕುಸಿದು ಹೋದದ್ದು, ರಾತ್ರಿಯ ನಿದ್ದೆ ಹೋದದ್ದು, ಮೆಟ್ಟಿಲು ಹತ್ತಿದರೆ ಎದೆ ಡವಡವ ಎಂದು ಅರ್ಧದಲ್ಲೇ ಕೂತುಬಿಡುತ್ತಿದ್ದದ್ದು, ಎಲ್ಲ ನೋಡಿದವಳು ನಾನು. ರಕ್ತದೊತ್ತಡದ ಮಾತ್ರೆ, ನಿದ್ದೆಯ ಮಾತ್ರೆ, ಅವೆರಡರಿಂದ ಆದ ಹೊಟ್ಟೆನೋವಿಗೆ ಇನ್ನೊಂದು ಮಾತ್ರೆ. ಭಾನುವಾರ ನನ್ನ ಮನೆಗೆ ಬಂದು ನನ್ನ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ನಾನು ನಿನ್ನ ಪಾದ ಒತ್ತುತ್ತಿದ್ದೆ.

ಟ್ಯಾಂಕಿನ ಹಿಂದಿನ ಮನೆಗೆ ಹೋದ ಮೇಲೆ ಡಾಕ್ಟರಮ್ಮ, ಸಂಜೆ ಹೊತ್ತು ಆ ಮರಗಳ ಕೆಳಗಾದ್ರೂ ಸ್ವಲ್ಪ ಓಡಾಡಿ ಎಂದಾಗ ನೀನು ಗೊಣಗಿದ್ದು ನೆನಪಿದೆ. ಮೊದಲ ದಿನ ಗೇಟಿನವರೆಗೆ ಹೋಗಿ ವಾಪಸ್. ಆಮೇಲೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಸೀಟಿ ಮಾಮ ನಿನ್ನನ್ನು ಹಿಡಿದುಹಾಕಿದರು. ಬೆಂಚಿನ ಮೇಲೆ ಯಾರಾದರೂ ಹೆಚ್ಚು ಹೊತ್ತು ಕೂತರೆ ಸೀಟಿ ಊದಿ, ಏಳಮ್ಮಾ, ಗಾಡಿ ಹೊರಡ್ತು ಎನ್ನುವ ಮನುಷ್ಯ! ತನ್ನ ಸಕ್ಕರೆ ಕಾಯಿಲೆಯನ್ನು ಓಡಿಸುವ ನೆಪದಲ್ಲಿ ಬೀದಿಯವರನ್ನೆಲ್ಲ ನಡೆಸುತ್ತಿದ್ದರು. ಸೊಂಟ ಬಾಗಿಸಿ ನಿಂತಿದ್ದ ಆ ಮರಕ್ಕೆ ನೀನು ಗೂನಜ್ಜಿ ಎಂದು ಹೆಸರಿಟ್ಟೆ. ನಡೆದು ಸುಸ್ತಾದ ಮೇಲೆ ಅವಳ ಬೆನ್ನ ಮೇಲೆ ಕೂರುತ್ತೇನೆ, ಎಲೆಗಳ ಸದ್ದು ಕೇಳುತ್ತಾ ಕೂತರೆ ತಲೆಯೊಳಗಿನ ಸದ್ದು ತಾನಾಗಿ ನಿಲ್ಲುತ್ತೆ ಎಂದು ಹೇಳಿದೆ. ನಾನು ಹಂಗಿಸಿದೆ, ಮರ ನೋಡಿದ್ರೆ ಬಿ.ಪಿ. ಇಳಿಯೋದಾದ್ರೆ ಡಾಕ್ಟರುಗಳೆಲ್ಲ ಮರ ನೆಡ್ತಿದ್ರು ಎಂದು. ಇಳಿಯಿತು. ಮಾತ್ರೆ ಅರ್ಧವಾಯಿತು, ನಿದ್ದೆಯ ಮಾತ್ರೆ ನಿಂತೇ ಹೋಯಿತು. ನಮ್ಮ ಮೂರನೇ ಮಹಡಿಗೆ ನೀನು ಒಂದೇ ಉಸಿರಿಗೆ ಹತ್ತಿ ಬಂದು ಬಾಗಿಲಲ್ಲಿ ನಕ್ಕ ದಿನ ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಈಗ ಕಿಟಕಿಗೆ ಪರದೆ ಎಳೆದು ಕೂತಿದ್ದೀ. ಡಾಕ್ಟರಮ್ಮ ಮತ್ತೆ ಹಳೆಯ ಮಾತ್ರೆ ಬರೆದಿದ್ದಾರೆ. ಸೀಟಿ ಮಾಮನ ಸಕ್ಕರೆ ಏರಿ ಕಾಲಿನ ಗಾಯ ವಾಸಿಯಾಗುತ್ತಿಲ್ಲ, ಸೀಟಿ ಮೊಳೆಗೆ ನೇತುಹಾಕಿದ್ದಾರೆ ಎಂದು ನೀನೇ ಹೇಳಿದೆ. ಬೀದಿಯವರೆಲ್ಲ ಈಗ ಬಾಗಿಲು ಹಾಕಿಕೊಂಡು ಅವರವರ ಮನೆಯಲ್ಲಿದ್ದಾರೆ. ಇಷ್ಟಕ್ಕೂ ಕಾರಣ ನನ್ನ ಒಂದು ಬೆರಳು. ನಾಚಿಕೆಯಿಂದ ಸಾಯುವ ಹಾಗಾಗುತ್ತದೆ ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ ಕಣೇ. ಆಫೀಸಿಗೆ ಹೋಗುವ ದಾರಿಯಲ್ಲಿ ಯಾವ ಮರ ಕಂಡರೂ ತಲೆ ತಗ್ಗಿಸಿ ನಡೆಯುತ್ತಿದ್ದೇನೆ.

ನೀವೆಲ್ಲ ಅಡ್ಡ ನಿಂತದ್ದರಿಂದ ಟ್ಯಾಂಕಿನ ಗೋಡೆಯ ಪಕ್ಕದ ಸಾಲು ಉಳಿದಿದೆ. ಬುಧವಾರದ ಸಭೆಯಲ್ಲಿ ಆ ಜಾಗದಲ್ಲಿ ಮರಗಳಿದ್ದವು, ಇವೆ ಎಂದು ರುಜುವಾತಾದರೆ ಅದಾದರೂ ಬದುಕುತ್ತದೆ. ಅದಕ್ಕೆ ಹೊಸ ನಕ್ಷೆ ಬೇಕಿಲ್ಲ. ಅಳತೆಯವನ ನಕ್ಷೆಯಲ್ಲಿ ಮರಗಳ ಲೇಯರ್ ಹಾಗೇ ಇತ್ತು. ಅದನ್ನು ಬೆಳಗಿಸಿ ಪ್ರಿಂಟ್ ತೆಗೆದಿದ್ದೇನೆ, ಕೆಳಗೆ ಎದ್ದು ಕಾಣುವ ಹಾಗೆ ಸಹಿ ಹಾಕಿದ್ದೇನೆ. ಸಭೆಗೆ ನಾನೂ ಬಂದು, ಮರಗಳನ್ನು ಆರಿಸಿದ್ದು ನಾನೇ ಎಂದು ಹೇಳುತ್ತೇನೆ. ಶುಕ್ರವಾರ ಸಾಹೇಬರಿಗೆ ತಿಳಿಸಿದೆ. ಅವರು ಕನ್ನಡಕ ಒರೆಸುತ್ತಾ, ಹೇಳೋದು ಹೇಳಮ್ಮಾ, ಆದ್ರೆ ಗುರುವಾರ ಇಲ್ಲಿಗೆ ಬರೋ ತೊಂದರೆ ತಗೋಬೇಡ ಎಂದರು. ಇರಲಿ. ನನಗಿರುವ ಭಯ ಅವರದ್ದಲ್ಲ, ನಿನ್ನದು.

ನೆಗಡಿ, ಇವತ್ತು ಬರಬೇಡ ಎಂದು ಹೇಳಿದೆನಲ್ಲ, ನೆಗಡಿ ಇಲ್ಲ. ಈ ಕಾಗದವನ್ನು ನಕ್ಷೆಯೊಳಗೆ ಸುತ್ತಿ ನಾನೇ ತಂದು ನಿನ್ನ ಬಾಗಿಲಿಗೆ ಒರಗಿಸಿ ಹೋಗುತ್ತೇನೆ. ಬೆಲ್ ಒತ್ತುವುದಿಲ್ಲ. ಬುಧವಾರ ಸಭೆಯಲ್ಲಿ ನನ್ನ ಪಕ್ಕ ಕೂರಬೇಕೆಂದು ಕೇಳುವ ಮುಖ ನನಗಿಲ್ಲ, ಹಿಂದೆ ಎಲ್ಲಾದರೂ ನಿಂತಿರುತ್ತೇನೆ. ಮಾತ್ರೆ ಮರೆಯಬೇಡ.

ನಿನ್ನ ಮುಖ ನೋಡಲು ಹೆದರಿ ಕಾಗದದ ಹಿಂದೆ ಅಡಗಿರುವ
ಗೀಟಕ್ಕ

ತಾ.ಕ. ಸುತ್ತಿ ದಾರ ಕಟ್ಟಿದ್ದೆ, ಮತ್ತೆ ಬಿಚ್ಚಿದೆ. ಅದು ನಿನ್ನ ಪಾರ್ಕು ಎಂದು ಗೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನಕ್ಷೆ ಬಿಡಿಸಿ ನೋಡು, ಒಂದು ಸುತ್ತಿನ ಪಕ್ಕ ಅಳತೆಯವನು ‘ಬಾಗಿದ ಮರ, ಜನ ಕೂರುತ್ತಾರೆ’ ಎಂದು ಬರೆದಿದ್ದಾನೆ. ಓದಿದ ಕೂಡಲೇ ಗೂನಜ್ಜಿ ಎಂದು ಗುರುತು ಹಿಡಿದೆ. ಅದರ ಹಿಂದಿನ ದಿನ ಭಾನುವಾರ. ಇಬ್ಬರಿಗೂ ಅಡುಗೆ ಮಾಡಿಟ್ಟು ಕಾದಿದ್ದೆ, ನೀನು ಫೋನ್ ಮಾಡಿ, ಪಾರ್ಕಲ್ಲಿ ಎಲ್ಲಾ ಸೇರಿದ್ದೀವಿ ಅಕ್ಕಾ, ಇವತ್ತೂ ಬರಲ್ಲ ಅಂದಿದ್ದೆ. ವಾಸಿಯಾದ ಮೇಲೆ ನೀನು ಬರುವುದೇ ಅಪರೂಪವಾಗಿತ್ತು. ಮರದ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸನ್ನು ಎಲ್ಲಾದರೂ ಕಂಡಿದ್ದೀಯಾ? ಕಡಿಯುತ್ತಾರೆ ಎಂದು ಎಣಿಸಿರಲಿಲ್ಲ, ಅದು ಸತ್ಯ. ಆದರೆ ಅವತ್ತು ಆ ಲೇಯರ್ ಆರಿಸಿದ್ದು ರೂಢಿಯಿಂದಲ್ಲ. ಆಮೇಲೆ ಮರ ಬಿದ್ದ ದಿನ ನೀನು ಬಿಕ್ಕುತ್ತಾ, ಈ ಭಾನುವಾರ ಬರ್ಲಾ ಅಕ್ಕಾ ಎಂದು ಕೇಳಿದೆಯಲ್ಲ, ಆಗ ನನಗೆ ಮೊದಲು ಆದದ್ದು ಸಂತೋಷ.